ಭಾವನ ಅಂಗಡಿಗೆ ದೀಪ ಹಚ್ಚಿದ್ದು

ತನ್ನ ಮನೆಯ ಗೋಡೆಗೆ ಸುಣ್ಣ ಬಳಿಯಲು ವರ್ಷಗಟ್ಟಲೆ ಮೀನಮೇಷ ಎಣಿಸುವ ಮನುಷ್ಯನೂ ಪರರ ಮನೆಯ ಮದುವೆ ಚಪ್ಪರಕ್ಕೆ ತೋರಣ ಕಟ್ಟಲು ಕರೆಯದೆಯೇ ಏಣಿ ಹತ್ತುತ್ತಾನೆ. ಇದು ಪರೋಪಕಾರ ಎಂದು ನೀವು ತಿಳಿದರೆ ನಿಮ್ಮಷ್ಟು ಒಳ್ಳೆಯವರು ಬೇರೆ ಇಲ್ಲ. ಏಣಿಯ ಮೇಲೆ ನಿಂತವನು ಎಲ್ಲರಿಗೂ ಕಾಣುತ್ತಾನೆ, ಅಷ್ಟೇ. ನಾನು ಜೀವನದಲ್ಲಿ ಇಂಥ ಹಲವು ಏಣಿ ಹತ್ತಿದವನು. ಅವುಗಳಲ್ಲಿ ಅತ್ಯಂತ ಎತ್ತರದ್ದು ನನ್ನ ಹೆಂಡತಿಯ ಅಣ್ಣನ ಮಸಾಲೆ ಅಂಗಡಿಗೆ ನಾನು ಮಾಡಿಕೊಟ್ಟ ವೆಬ್‌ಸೈಟ್.

ಆಗ ನಾವು ತಿರುವನಂತಪುರದ ಉಳ್ಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಊರು ಕಾಸರಗೋಡಿನ ಕಡೆ. ನಾನಿದ್ದದ್ದು ಬಾಹ್ಯಾಕಾಶದ ಕೆಲಸ ಮಾಡುವ ಒಂದು ಕೇಂದ್ರ ಸಂಸ್ಥೆಯಲ್ಲಿ. ಆದ್ದರಿಂದ ನಮ್ಮ ಕಡೆಯ ನೆಂಟರ ಮಕ್ಕಳಿಗೆಲ್ಲ ನಾನು ರಾಕೆಟ್ ಮಾವ. ನಾನು ನಿಜವಾಗಿ ಅಲ್ಲಿ ನೋಡಿಕೊಳ್ಳುತ್ತಿದ್ದದ್ದು ಉಗ್ರಾಣ. ಮೇಜು, ಕುರ್ಚಿ, ಫಿನಾಯಿಲು ಇತ್ಯಾದಿ. ಆಕಾಶಕ್ಕೆ ಏನೇ ಹಾರಲಿ, ಅದರಲ್ಲಿ ನನ್ನ ಫಿನಾಯಿಲಿನ ಪಾತ್ರ ಎಷ್ಟೆಂದು ಯಾರೂ ಕೇಳಿದ್ದಿಲ್ಲ, ನಾನೂ ಹೇಳಿದ್ದಿಲ್ಲ. ನೆಂಟರು ತಪ್ಪು ತಿಳಿದುಕೊಂಡದ್ದು ನಮಗೆ ಅನುಕೂಲವಾಗಿದ್ದರೆ ಅದನ್ನು ತಿದ್ದುವುದು ಅವರಿಗೆ ಅವಮಾನ ಮಾಡಿದಂತೆ ಎಂಬುದು ನನ್ನ ನಂಬಿಕೆ.

ಹೆಂಡತಿಯ ಅಣ್ಣ ವಿಶ್ವನಾಥ ಭಾವ ಹುಡುಗನಾಗಿದ್ದಾಗಲೇ ಕೊಚ್ಚಿಯ ಮಟ್ಟಾಂಚೇರಿಗೆ ಹೋಗಿ, ಯಾರದೋ ಗೋದಾಮಿನಲ್ಲಿ ಲೆಕ್ಕ ಬರೆದು, ಕೊನೆಗೆ ಅದೇ ಬೀದಿಯಲ್ಲಿ ತನ್ನದೇ ಒಂದು ಸಣ್ಣ ಅಂಗಡಿ ಇಟ್ಟವರು. ಕಾಳುಮೆಣಸು, ಏಲಕ್ಕಿ, ಜಾಯಿಕಾಯಿ, ಲವಂಗ, ಶುಂಠಿ. ಮೊದಮೊದಲು ಪ್ರವಾಸಿಗರು ತಾವಾಗಿ ಬರುತ್ತಿದ್ದರು. ಆಮೇಲೆ ದೊಡ್ಡ ದೊಡ್ಡ ಅಂಗಡಿಗಳು ಎದ್ದು, ಆಟೋದವರು ನೇರ ಅಲ್ಲಿಗೇ ಜನರನ್ನು ಇಳಿಸತೊಡಗಿದ ಮೇಲೆ ಭಾವನ ಅಂಗಡಿಯಲ್ಲಿ ಭಾವ ಮತ್ತು ಒಂದು ಬೆಕ್ಕು ಮಾತ್ರ ಉಳಿದರು. ಆ ಸಮಯಕ್ಕೆ, ಹಿಂದೊಮ್ಮೆ ಬಂದು ಅವರಲ್ಲಿ ಏಲಕ್ಕಿ ಕೊಂಡಿದ್ದ ಜರ್ಮನಿಯ ಗಂಡ ಹೆಂಡಿರಿಬ್ಬರು ಹೇಳಿಕಳಿಸಿದರು: ಅವರ ಊರಿನಲ್ಲಿ ಅವರದೂ ಒಂದು ಕಿರಾಣಿ ಅಂಗಡಿಯಂತೆ, ಸಾಮಾನುಗಳ ವಿವರವನ್ನು ಇಂಟರ್ನೆಟ್ಟಿನಲ್ಲಿ ಹಾಕಿದರೆ ನೋಡಿ ಪ್ರತಿವರ್ಷ ಕ್ರಿಸ್‌ಮಸ್ಸಿಗೆ ಮೊದಲು ತರಿಸಿಕೊಳ್ಳುತ್ತಾರಂತೆ. ಇದು ಆದರೆ ಅಂಗಡಿ ಉಳಿಯುತ್ತದೆ. ಆಗದಿದ್ದರೆ ಭಾವ ಆ ವಯಸ್ಸಿನಲ್ಲಿ ಅದೇ ಬೀದಿಯಲ್ಲಿ ಮತ್ತೆ ಇನ್ನೊಬ್ಬರ ಗೋದಾಮಿಗೆ ಲೆಕ್ಕ ಬರೆಯಲು ಹೋಗಬೇಕು. ಒಂದು ಉಪನಯನದ ಊಟದ ಪಂಕ್ತಿಯಲ್ಲಿ ಅವರು ಇದನ್ನು ಮೆಲ್ಲಗೆ ಹೇಳಿ, ಇಂಟರ್ನೆಟ್ಟೆಂದರೆ ಎಂತದು ಭಾವ ಎಂದು ಕೇಳಿದರು. ನಮ್ಮಲ್ಲಿ ಅವರು ನನಗೆ ಭಾವ, ನಾನೂ ಅವರಿಗೆ ಭಾವ. ಪಾಯಸ ಬಡಿಸುತ್ತಿದ್ದವರೂ ನಿಂತು ಕೇಳುತ್ತಿದ್ದರು. ಅಷ್ಟು ಜನರ ಎದುರು ರಾಕೆಟ್ ಮಾವ ಗೊತ್ತಿಲ್ಲ ಎನ್ನಲಾದೀತೇ? ಅದೆಲ್ಲ ನನಗೆ ಬಿಡಿ ಎಂದುಬಿಟ್ಟೆ.

ಎಂದುಬಿಟ್ಟ ಮೇಲೆ ಕಲಿಯಬೇಕಾಯಿತು. ಒಂದು ದಪ್ಪ ಪುಸ್ತಕ ತಂದೆ. ಕಂತಿನಲ್ಲಿ ಕಂಪ್ಯೂಟರು ತಂದೆ. ಟೆಲಿಫೋನಿಗೆ ಮೋಡೆಮ್ ಜೋಡಿಸಿದೆ. ಅದು ಕಿರುಚಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡು ಸಂಪರ್ಕ ಕೊಡುತ್ತಿತ್ತು. ಇಷ್ಟಾಗುವಾಗ ನನ್ನೊಳಗಿನ ಕಲಾವಿದ ಎದ್ದು ಕೂತ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮನೆಗೆ ಬಂದವರನ್ನು ಬಾಗಿಲಲ್ಲೇ ಎಂತಕ್ಕೆ ಬಂದದ್ದು ಎಂದು ಕೇಳುವ ಕ್ರಮ ಇಲ್ಲ. ಮೊದಲು ಕಾಲಿಗೆ ನೀರು, ಆಮೇಲೆ ಬಾಯಾರಿಕೆಗೆ ಬೆಲ್ಲ ನೀರು, ಆಮೇಲೆ ಮಳೆಯ ಸುದ್ದಿ, ಸೊಂಟನೋವಿನ ಸುದ್ದಿ, ಯಾರ ಮಗಳಿಗೆ ಎಲ್ಲಿ ಸಂಬಂಧ ಕೂಡಿಬಂತೆಂಬ ಸುದ್ದಿ. ಇಷ್ಟೆಲ್ಲ ಮುಗಿದು, ಹೊರಟು ನಿಂತು, ಚಪ್ಪಲಿ ಹಾಕಿಕೊಳ್ಳುವಾಗ ಬಂದವರು ತಾವಾಗಿ ಬಂದ ಕೆಲಸ ಹೇಳಬೇಕು. ಇಂಥ ಸಂಸ್ಕಾರದಲ್ಲಿ ಬೆಳೆದ ನಾನು ಜರ್ಮನಿಯಿಂದ ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿ ಏಲಕ್ಕಿ ಬೇಕಾ ಎಂದು ಕೇಳುವುದುಂಟೇ?

ಹಾಗಾಗಿ ಮೊದಲ ಪುಟದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಒಂದು ಕಾಲುದೀಪ ಮಾತ್ರ ಇಟ್ಟೆ. ಅದರ ಜ್ವಾಲೆ ಗಾಳಿಗೆ ಅಲುಗಾಡುತ್ತಿತ್ತು. ಆ ಅಲುಗಾಟ ಕಲಿಯಲು ಒಂದು ತಿಂಗಳಿಡೀ ಒದ್ದಾಡಿದ್ದೆ. ಹಿಂದಿನಿಂದ ವೀಣೆ. ಜ್ವಾಲೆಯನ್ನು ಒತ್ತಿದರೆ ಎರಡನೆಯ ಪುಟ, ಅಲ್ಲಿ ಸ್ವಾಗತ. ಮೂರನೆಯದರಲ್ಲಿ ಭಾವನ ತೀರ್ಥರೂಪರ ಹಾರ ಹಾಕಿದ ಫೋಟೋ. ನಾಲ್ಕರಲ್ಲಿ ಕಾಳುಮೆಣಸಿನ ಇತಿಹಾಸ, ನಾವೆಗಳ ಕಾಲದಿಂದ. ಐದರಲ್ಲಿ ಕಾಳುಮೆಣಸಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪದ್ಯ, ಕವಿ ಯಾರೆಂದು ನೀವು ಊಹಿಸಬಹುದು. ಇಷ್ಟನ್ನು ದಾಟಿ ಬಂದ ಪುಣ್ಯವಂತರಿಗೆ ಆರನೆಯದರಲ್ಲಿ ಸಾಮಾನುಗಳ ಹೆಸರು. ಕ್ರಯ ಹಾಕಿರಲಿಲ್ಲ. ಕ್ರಯ ಕೇಳುವುದಕ್ಕೆ ಮೊದಲೇ ಹೇಳುವುದು ಮರ್ಯಾದೆಯಲ್ಲ.

ಮನೆಯಲ್ಲಿ ಪ್ರದರ್ಶನ ಏರ್ಪಡಿಸಿದೆ. ಮೌಸ್ ನನ್ನ ಕೈಯಲ್ಲಿ, ಹೆಂಡತಿ ಸುಮತಿಯೂ ಮಗಳೂ ಹಿಂದೆ ನಿಂತಿದ್ದರು. ಮಗಳು ತಿರುವನಂತಪುರದಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವವಳು. ನಾಲ್ಕನೆಯ ಪುಟ ಬರುವಷ್ಟರಲ್ಲಿ ಅವಳು ಆಕಳಿಸಿ, "ಅಚ್ಛಾ, ಕುರುಮುಳಗು ಎವಿಡೆ?" ಎಂದಳು. ಅಪ್ಪಾ, ಕಾಳುಮೆಣಸೆಲ್ಲಿ ಎಂದು ಅರ್ಥ. ಮಕ್ಕಳಿಗೆ ತಾಳ್ಮೆ ಇಲ್ಲ ಎಂದು ಗದರಿದೆ. ಸುಮತಿ ಒಳ್ಳೆ ದೀಪ ಎಂದಷ್ಟೇ ಹೇಳಿ ಒಲೆಯ ಮೇಲಿಟ್ಟದ್ದು ನೆನಪಾಗಿ ಒಳಗೆ ಹೋದಳು. ಅವಳು ಹೊಗಳಿದ್ದನ್ನು ಪೂರ್ತಿ ಕೇಳದೆ ನಂಬುವ ಅಭ್ಯಾಸ ನನಗೆ ಮದುವೆಯಾದಂದಿನಿಂದ ಇದೆ.

ವೆಬ್‌ಸೈಟಿನ ವಿಳಾಸವನ್ನು ಭಾವ ಜರ್ಮನಿಗೆ ಫ್ಯಾಕ್ಸ್ ಮಾಡಿದರು. ಅದರ ಅಡಿಯಲ್ಲಿ ಎಷ್ಟು ಜನ ಬಂದು ನೋಡಿದರೆಂದು ತೋರಿಸುವ ಎಣಿಕೆಯ ಪೆಟ್ಟಿಗೆಯೂ ಇತ್ತು. ದಿನಾ ನೋಡುತ್ತಿದ್ದೆ. ಅಂಕಿ ಏರುತ್ತಲೇ ಇತ್ತು. ನಾನು ನೋಡಿದಾಗಲೆಲ್ಲ ಒಂದು ಏರುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಒಂದು ಭಾನುವಾರ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ನಾನು ಜಗತ್ತಿನ ಜನ ಬರುವುದನ್ನು ನೋಡುತ್ತ ಕೂತಿದ್ದೆ. ಅಷ್ಟೂ ಹೊತ್ತು ನಮ್ಮ ಟೆಲಿಫೋನು ಎಂಗೇಜ್. ಅಷ್ಟೂ ಹೊತ್ತು ಭಾವ ಮಟ್ಟಾಂಚೇರಿಯ ಎಸ್‌ಟಿಡಿ ಬೂತಿನಲ್ಲಿ ನಮ್ಮ ನಂಬರು ತಿರುಗಿಸುತ್ತಿದ್ದರು. ಊಟಕ್ಕೆ ಎದ್ದಾಗ ಫೋನು ಸಿಕ್ಕಿತು. ಭಾವನ ಸ್ವರ ಸಣ್ಣದಾಗಿತ್ತು.

"ಭಾವ, ಜರ್ಮನಿಯವರ ಫ್ಯಾಕ್ಸ್ ಬಂತು. ದೀಪ ಬಹಳ ಚಂದ ಉಂಟಂತೆ. ಅಂಗಡಿ ಯಾವಾಗ ತೆರೆಯುವುದು ಅಂತ ಕೇಳಿದ್ದಾರೆ. ಈ ವಾರ ತೆರೆಯದಿದ್ದರೆ ಬೇರೆ ಕಡೆ ಹೇಳ್ತಾರಂತೆ. ನಾನು ಅಂಗಡಿ ಮುಚ್ಚಿದ್ದು ಯಾವಾಗ?"

ಜರ್ಮನಿಯವರಿಗೇ ಏನೋ ತಲೆಕೆಟ್ಟಿದೆ ಎಂದು ಸಮಾಧಾನ ಹೇಳಿ, ಮರುದಿನ ರಜೆ ಹಾಕಿ ರೈಲು ಹತ್ತಿದೆ. ಎರ್ನಾಕುಲಂನಲ್ಲಿ ಇಳಿದು, ಮಟ್ಟಾಂಚೇರಿಯಿಂದ ಬೋಟಿನಲ್ಲಿ ದಾಟಿ ಬಂದ ಭಾವನನ್ನು ಅಲ್ಲಿನ ಒಂದು ಬ್ರೌಸಿಂಗ್ ಸೆಂಟರಿಗೆ ಕರೆದುಕೊಂಡು ಹೋದೆ. ದೀಪ ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟೇ ಇಳಿದು ಬಂತು. ಜ್ವಾಲೆ ಅಲುಗಾಡಿತು, ವೀಣೆ ಬಂತು. ಭಾವ ಎದ್ದು ನಿಂತರು. ಕಾಲಿನ ಚಪ್ಪಲಿಯನ್ನು ಕಳಚಿ ಹಿಂದಕ್ಕೆ ತಳ್ಳಿ, ಕೈಮುಗಿದು, ಮತ್ತೆ ಕೂತರು. ನನಗೆ ಕಣ್ಣು ತುಂಬಿ ಬಂತು. ಒಬ್ಬ ಕಲಾವಿದನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೇ? ಮೌಸನ್ನು ಮೊದಲ ಸಲ ಇನ್ನೊಬ್ಬರ ಕೈಗೆ ಕೊಟ್ಟು, ಒಳಗೆ ಹೋಗಿ ಭಾವ ಎಂದೆ.

ಭಾವ ಮೌಸ್ ಹಿಡಿದು ದೀಪವನ್ನೇ ನೋಡುತ್ತ ಕೂತರು. ವೀಣೆ ಮುಗಿದು ಮತ್ತೆ ಮೊದಲಾಯಿತು. ಒಳಗೆ ಹೋಗುವುದು ಎಲ್ಲಿಂದ ಎಂದು ಕೊನೆಗೆ ಕೇಳಿದರು. ದೀಪದ ಜ್ವಾಲೆಗೆ ಒತ್ತಿ ಎಂದೆ. ಅವರು ಕೈಯನ್ನು ಮೌಸಿನಿಂದ ತೆಗೆದೇಬಿಟ್ಟರು.

"ಉರಿಯುವ ದೀಪವನ್ನು ಒತ್ತುವುದಾ ಭಾವ? ಅಂಗಡಿಯ ದೀಪ ಅದು. ನನ್ನ ಕೈಯಿಂದ ಆಗುವುದಿಲ್ಲ."

ನಮ್ಮಲ್ಲಿ ದೀಪವನ್ನು ಊದಿ ಆರಿಸುವುದಿಲ್ಲ, ಆರಿತು ಎಂಬ ಮಾತನ್ನೂ ಆಡುವುದಿಲ್ಲ, ಶಾಂತವಾಯಿತು ಎನ್ನುತ್ತೇವೆ. ನಾನು ನನ್ನ ಭಾವನಿಗೆ, ಅದೂ ವ್ಯಾಪಾರ ಕುಸಿಯುತ್ತಿರುವ ಹೊತ್ತಿನಲ್ಲಿ, ಅವರದೇ ಅಂಗಡಿಯ ದೀಪವನ್ನು ಬೆರಳಿನಿಂದ ಒತ್ತಿ ಎನ್ನುತ್ತಿದ್ದೆ. ಗೊತ್ತಿದ್ದವರು ಭಯದಿಂದ ಒತ್ತುವುದಿಲ್ಲ, ಗೊತ್ತಿಲ್ಲದ ಜರ್ಮನಿಯವರಿಗೆ ಅದು ಬಾಗಿಲೆಂದೇ ತಿಳಿಯುವುದಿಲ್ಲ. ಒಟ್ಟಿನಲ್ಲಿ ಈ ಭೂಮಂಡಲದಲ್ಲಿ ಆ ಅಂಗಡಿಯ ಒಳಗೆ ಹೋಗಬಲ್ಲ ಮನುಷ್ಯ ನಾನೊಬ್ಬನೇ. ಒಳಗೆ ಬನ್ನಿ ಎಂದು ದೀಪದ ಕೆಳಗೆ ಎರಡು ಶಬ್ದ ಬರೆಯಬಹುದಿತ್ತು. ಬರೆದರೆ ಚಿತ್ರದ ಅಂದ ಕೆಡುತ್ತದೆಂದು ಬಿಟ್ಟಿದ್ದೆ. ಭಾವ ಬೈಯಲಿಲ್ಲ. ಊಟ ಮಾಡಿಸಿ, ರೈಲಿಗೆ ಬಾಳೆಕಾಯಿ ಉಪ್ಪೇರಿ, ಅಂದರೆ ಚಿಪ್ಸು, ಕಟ್ಟಿಸಿಕೊಟ್ಟರು. ಬೈದಿದ್ದರೆ ಎಷ್ಟೋ ಸುಖವಿತ್ತು. ಪಕ್ಕದ ಗೋದಾಮಿನವರು ತನ್ನನ್ನು ಕೇಳಿದ್ದಾರೆ, ಮುಂದಿನ ತಿಂಗಳಿನಿಂದ ಬರಬಹುದಂತೆ ಎಂದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೇಳಿದಾಗ ಅವರು ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು ಸುಮತಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ, ಅಣ್ಣನ ವಿಷಯವಾದ್ದರಿಂದ. ಬಸಳೆ ಸೊಪ್ಪಿನ ಮೊರ ಹಿಡಿದು ಕಂಪ್ಯೂಟರಿನ ಎದುರು ಕೂತಳು.

"ಈಗ ನಾನು ಜರ್ಮನಿಯವಳು. ನನಗೆ ಏಲಕ್ಕಿ ಬೇಕು. ನೀವು ಮೌಸ್ ಮುಟ್ಟಬಾರದು, ಮಾತಾಡಬಾರದು."

ಮೌಸ್ ಮುಟ್ಟದೆ ಇರಬಹುದು. ಮಾತಾಡದೆ ಇರುವುದು ಹೇಗೆ? ಅವಳು ಅಲ್ಲಿ ಇಲ್ಲಿ ಒತ್ತುತ್ತ, ದಾರಿ ತಪ್ಪುತ್ತ, ಹಾರ ಹಾಕಿದ ತನ್ನ ಅಪ್ಪನ ಹತ್ತಿರ ಬಂದು ನಿಂತು ಇನ್ನೆಲ್ಲಿಗೆ ಎಂದು ಹುಡುಕುವಾಗ ನನ್ನ ನಾಲಗೆ ತುರಿಸುತ್ತಿತ್ತು. ಬಾಯಿ ತೆರೆದರೆ ಜರ್ಮನಿಯಲ್ಲಿ ನೀವು ಇರ್ತೀರಾ ಎಂದು ಕೇಳುತ್ತಿದ್ದಳು. ಸೊಪ್ಪು ಸೋಸುವಾಗ ದಂಟಿನಿಂದ ಎಲೆ ಬಿಡಿಸಿದಷ್ಟೇ ನಿರ್ದಾಕ್ಷಿಣ್ಯವಾಗಿ ಅವಳು ಒಂದೊಂದನ್ನೇ ತೆಗೆಸಿದಳು. ವೀಣೆ ಹೋಯಿತು. ಸ್ವಾಗತ ಹೋಯಿತು. ನಾವೆಗಳು ಹೋದವು. ಅಪ್ಪನ ಫೋಟೋ ಗೋಡೆಯ ಮೇಲಿದ್ದರೆ ಸಾಕು ಎಂದಳು. ಪದ್ಯದ ಹತ್ತಿರ ಬಂದಾಗ ನಾನು ಸ್ವಲ್ಪ ವಾದ ಮಾಡಿದೆ. ಅವಳು ಅದನ್ನು ಗಟ್ಟಿಯಾಗಿ ಓದತೊಡಗಿದಳು. ನಾಲ್ಕನೆಯ ಸಾಲಿಗೆ ನಾನೇ ತೆಗೆದೆ. ದೀಪವನ್ನು ಕೊನೆಗೆ ತೆಗೆದದ್ದು, ಅದೂ ಅವಳು ಬೇರೆ ಕಡೆ ನೋಡುವಾಗ, ಶಾಂತವಾಗಿ.

ಉಳಿದದ್ದು ಕ್ರಯ. ಭಾವ ಕ್ರಯ ಹೇಳುವುದು ಬಂದವರ ಮುಖ ನೋಡಿ. ಕಷ್ಟದಲ್ಲಿರುವವರಿಗೆ ಒಂದು, ಜಂಬದವರಿಗೆ ಒಂದು. ಊರಿಗೆಲ್ಲ ಕಾಣುವ ಹಾಗೆ ಬರೆದಿಟ್ಟರೆ ನಾನು ಅಂಗಡಿಯಲ್ಲಿ ಕೂರುವುದು ಎಂತಕ್ಕೆ ಎಂದು ಫೋನಿನಲ್ಲಿ ಹಟ ಹಿಡಿದರು. ಅಣ್ಣ, ಜರ್ಮನಿಯವರ ಮುಖ ನಿನಗೆ ಅಲ್ಲಿಂದ ಕಾಣುವುದಿಲ್ಲವಲ್ಲ ಎಂದಳು ಸುಮತಿ. ಆಮೇಲೆ ಭಾವ ಮನೆಯ ಹುಡುಗಿಯ ವಯಸ್ಸು ಹೇಳುವವರ ಹಾಗೆ ಸ್ವರ ತಗ್ಗಿಸಿ ಒಂದೊಂದೇ ಕ್ರಯ ಹೇಳಿದರು. ಕೊನೆಗೆ ಬಿಳಿಯ ಒಂದೇ ಪುಟ ಉಳಿಯಿತು. ಮೇಲೆ ಅಂಗಡಿಯ ಹೆಸರು, ನಡುವೆ ಸಾಮಾನು ಮತ್ತು ಕ್ರಯ, ಕೆಳಗೆ ಫೋನು, ಫ್ಯಾಕ್ಸು. ನೋಡಿದರೆ ಅಳು ಬರುವ ಹಾಗಿತ್ತು. ನಮ್ಮ ಮಗಳು ಮಾತ್ರ ಬಂದು ನೋಡಿ, ಏನೂ ಕೇಳದೆ ಹೋದಳು.

ಪುಟ ತೆರೆದಿದೆ ಎಂದು ಭಾವ ಜರ್ಮನಿಗೆ ಫ್ಯಾಕ್ಸ್ ಕಳಿಸಿದರು. ಆ ವಾರವಿಡೀ ನಾನು ಇಂಟರ್ನೆಟ್ಟಿನ ಗೊಡವೆಗೆ ಹೋಗಲಿಲ್ಲ, ಫೋನು ಖಾಲಿ ಇರಲಿ ಎಂದು. ಶನಿವಾರ ಸಂಜೆ ಫೋನು ರಿಂಗಾಯಿತು. ಭಾವನ ಸ್ವರದಲ್ಲೇ ಗೊತ್ತಾಯಿತು. ಆರ್ಡರ್ ಬಂದಿತ್ತು, ಏಲಕ್ಕಿ, ಜಾಯಿಕಾಯಿ, ಲವಂಗ ಎಲ್ಲ, ಅದೂ ಪ್ರತಿವರ್ಷಕ್ಕೆಂದು. ಗೋದಾಮಿನವರಿಗೆ ಬರುವುದಿಲ್ಲ ಎಂದು ಹೇಳಿಬಂದೆ ಎಂದರು. ಆದರೆ ಕಲಾವಿದನ ಚಪಲ ನೋಡಿ, ಅಷ್ಟರ ನಡುವೆಯೂ ಪುಟದ ಬಗ್ಗೆ ಏನಾದರೂ ಬರೆದಿದ್ದಾರಾ ಎಂದು ಕೇಳಿದೆ. ಭಾವ ತಡವರಿಸಿದರು. ನಾನು ಬಿಡಲಿಲ್ಲ.

"ಬರೆದಿದ್ದಾರೆ ಭಾವ. ಮೊದಲು ಮಾಡಿದವನನ್ನು ಬಿಡಿಸಿ ಹೊಸಬನನ್ನು ಇಟ್ಟುಕೊಂಡದ್ದು ಒಳ್ಳೆಯದಾಯಿತು ಅಂತ."

ನೀವು ಏನು ಉತ್ತರ ಕೊಟ್ಟಿರಿ ಎಂದು ಕೇಳಿದೆ. ಹೌದು ಅಂತ ಬರೆದೆ, ವ್ಯಾಪಾರದಲ್ಲಿ ಎದುರುತ್ತರ ಕೊಡಬಾರದಲ್ಲ ಎಂದರು. ಬಿಡಿಸಿದವನು ಹತ್ತಿರದ ಸಂಬಂಧಿಕ, ಹಾಗಾಗಿ ಸ್ವಲ್ಪ ತಡವಾಯಿತು ಅಂತಲೂ ಸೇರಿಸಿದರಂತೆ. ನಾನು ಮಾನ ಉಳಿಸಿಕೊಳ್ಳಲು ನಕ್ಕು, ಹಾಗಾದರೆ ಆ ಹೊಸಬ ಯಾರು ಎಂದು ಕೇಳಿದರೆ ಏನು ಹೇಳುತ್ತೀರಿ ಎಂದೆ.

"ಅವರು ಆಗಲೇ ಕೇಳಿದರು," ಎಂದರು ಭಾವ. "ಅವನ ಹೆಂಡತಿ ಅಂತ ಬರೆದೆ."