ಗಿರಣಿಯಕ್ಕನ ಪಿಟೀಲು ಸಾಧನೆ

ಐವತ್ತರ ಹತ್ತಿರ ಬಂದ ಹೆಂಗಸು, ಅದರಲ್ಲೂ ಹಿಟ್ಟಿನ ಗಿರಣಿ ನಡೆಸೋಳು, ಪಿಟೀಲು ಕಲಿಯೋಕೆ ಹೊರಟ್ರೆ ಏನೇನು ಆಗಬೌದೋ ಅದೆಲ್ಲ ನನಗೆ ಆಗೈತೆ. ಆಗಬಾರದ್ದೂ ಆಗೈತೆ. ಇವತ್ತಿಗೂ ವಾರಕ್ಕೊಂದಾದ್ರೂ ಆಗ್ತಾನೇ ಇರ್ತೈತೆ, ನಾನು ಗಿರಣಿ ಪಕ್ಕ ಕುಂತು ನೆನಸ್ಕೊಂಡು ಒಬ್ಬಳೇ ನಗ್ತಿರ್ತೀನಿ. ಹಿಟ್ಟು ಬೀಸಿಸೋಕೆ ಬಂದೋರು ನನ್ನ ಮುಖ ನೋಡಿ ಸ್ವಲ್ಪ ದೂರ ನಿಂತ್ಕೊಳ್ತಾರೆ.

ಶುರುವಾದದ್ದು ಹಿಂಗೆ. ನಮ್ಮದು ಹಿರಿಯೂರು. ಮುಂದೆ ಗಿರಣಿ, ಹಿಂದೆ ಮನೆ, ಮೇಲೆ ತಾರಸಿ. ಒಂದಿನ ಮೋಟಾರಿನ ಬೆಲ್ಟು ಹರೀತು ಅಂತ ಹೊಸದು ತರೋಕೆ ಚಿತ್ರದುರ್ಗಕ್ಕೆ ಹೋಗಿದ್ದೆ. ಅಂಗಡಿಯೋರು ಒಳಗೆ ಬೆಲ್ಟು ಹುಡುಕ್ತಿದ್ರು, ಮಹಡಿ ಮೇಲಿಂದ ಪಿಟೀಲು ಕೇಳಿಸ್ತು. ಅಯ್ಯೋ, ಏನು ಹೇಳ್ಲಿ, ಬೆಲ್ಟಿನ ಆಸೆ ಬಿಟ್ಟು ಮೆಟ್ಲು ಹತ್ತಿದೆ. ಮೇಲೆ ಒಬ್ಬರು ರಿಟೈರಾದ ಸಂಗೀತ ಮೇಷ್ಟ್ರು. "ನನಗೂ ಕಲಿಸ್ರಿ ಸಾರ್" ಅಂದೆ. ಅವರು ನನ್ನ ಸೆರಗಿನ ಮೇಲಿದ್ದ ಹಿಟ್ಟು ನೋಡಿದ್ರು, ನನ್ನ ವಯಸ್ಸು ನೋಡಿದ್ರು. "ಭಾನುವಾರ ಪಾಠ. ಆದ್ರೆ ದಿನಾ ಒಂದು ಗಂಟೆ ಮನೇಲಿ ಸಾಧನೆ ಮಾಡಂಗಿದ್ರೆ ಮಾತ್ರ ಬರ್ರಿ. ಮಾಡ್ತಿಲ್ಲ ಅಂತ ಗೊತ್ತಾದ ದಿನ ಪಾಠ ಬಂದ್. ಆಮೇಲೆ ನಿಮ್ಮ ಹಿಟ್ಟು ನೀವು ಬೀಸ್ಕೊಂಡಿರಿ" ಅಂದ್ರು.

ಮನೆಗೆ ಬಂದು ಹೇಳಿದ್ರೆ ನಮ್ಮ ಯಜಮಾನ್ರು ಹೊಟ್ಟೆ ಹಿಡ್ಕೊಂಡು ನಕ್ಕರು. "ಹೊಲಿಗೆ ಕಲಿಯೋಕೋದೆ, ಬಿಟ್ಟೆ. ಸ್ಕೂಟರು ಕಲಿಯೋಕೋದೆ, ಬಿಟ್ಟೆ. ಇದೆಷ್ಟು ದಿನ?" ನನಗೆ ಮೈಯೆಲ್ಲ ಉರೀತು. ಯಾಕಂದ್ರೆ ಅವರು ಹೇಳಿದ್ದು ನಿಜ. ಇದೊಂದನ್ನ ಮಾತ್ರ ಸತ್ರೂ ಬಿಡಬಾರದು ಅಂತ ಅವತ್ತೇ ಹಠ ಹಿಡಿದೆ.

ಡಾಕ್ಟರ ಸಲಹೆ

ಒಂದು ಹಳೇ ಪಿಟೀಲು ಕೊಂಡು ತಂದು, ಮೊದಲು ಬೆಳಿಗ್ಗೆ ಎದ್ದು ನಡುಮನೇಲೇ ಕುಂತು ಶುರು ಮಾಡಿದೆ. ಹೊಸಬರ ಕೈಲಿ ಪಿಟೀಲು ಹೆಂಗೆ ಕೂಗ್ತೈತೆ ಅಂತ ಕೇಳಿದೋರಿಗೇ ಗೊತ್ತು. ಎಣ್ಣೆ ಕಾಣದ ಬಾಗಿಲು ವಾಸಿ. ಮೊದಲ ದಿನ ಯಜಮಾನ್ರು ಹಾಸಿಗೇಲೇ ಮಲಗಿ, "ಪರವಾಗಿಲ್ಲ, ಮಾಡು" ಅಂದ್ರು. ಮಾರನೇ ದಿನ ಕಂಬಳಿ ತಲೆ ಮೇಲಕ್ಕೆ ಎಳ್ಕೊಂಡ್ರು. ಅದರ ಮಾರನೇ ದಿನ ನೋಡ್ತೀನಿ, ಹಾಸಿಗೆ ಖಾಲಿ!

ಜನ್ಮದಲ್ಲಿ ವಾಕಿಂಗ್ ಅಂತ ಹೊಸಲು ದಾಟಿದ ಮನುಷ್ಯ ಅಲ್ಲ. ಈಗ ನಾನು ಪಿಟೀಲಿನ ಪೆಟ್ಟಿಗೆ ತೆಗೆದ್ರೆ ಸಾಕು, ಚಪ್ಪಲಿ ಮೆಟ್ಕೊಂಡು ವೇದಾವತಿ ಸೇತುವೆ ಕಡೆ ಹೋಗೋರು. ನಾನು ಮುಗಿಸಿದ್ದು ಖಾತ್ರಿ ಆದ ಮೇಲೇ ವಾಪಸ್ ಬರೋರು. ಕೆಲವು ದಿನ ಬೇಗ ಬಂದುಬಿಟ್ರೆ, ಬೀದಿ ತುದೀಲಿ ಕಿವಿಗೊಟ್ಟು ನಿಂತು, ಇನ್ನೂ ನಡೀತೈತೆ ಅಂತ ಗೊತ್ತಾಗಿ, ಇನ್ನೊಂದು ಸುತ್ತು ಹಾಕ್ಕೊಂಡು ಬರೋರು.

ಅವರಿಗೆ ಸಕ್ಕರೆ ಕಾಯಿಲೆ. ನಡೀರಿ, ನಡೀರಿ ಅಂತ ಬಡ್ಕೊಂಡು ಡಾಕ್ಟರಿಗೆ ಸಾಕಾಗಿತ್ತು. ಈ ಸಲ ನಾನೂ ಜೊತೆಗೆ ಹೋಗಿದ್ದೆ, ರಿಪೋರ್ಟು ನೋಡಿದ ಡಾಕ್ಟರು ಕನ್ನಡಕ ತೆಗೆದು ಒರೆಸ್ಕೊಂಡು ಮತ್ತೆ ನೋಡಿದ್ರು. "ಭೇಷ್! ಸಕ್ಕರೆ ಇಷ್ಟು ಇಳಿದೈತಲ್ಲ, ಏನು ಮಾಡಿದ್ರಿ?"

"ನಾನೇನೂ ಮಾಡಿಲ್ಲ ಸಾರ್. ನಮ್ಮನೆಯೋಳು ಪಿಟೀಲು ಕಲೀತಾ ಅವ್ಳೆ."

ಡಾಕ್ಟರು ಎಲ್ಲಾ ವಿಚಾರಿಸಿ ತಿಳ್ಕೊಂಡು, ನನ್ನ ಕಡೆ ತಿರುಗಿ ಕೈ ಮುಗಿದ್ರು. "ಅಮ್ಮಾ, ದಯವಿಟ್ಟು ಬೇಗ ಚೆನ್ನಾಗಿ ಬಾರಿಸೋಕೆ ಕಲಿಯಬ್ಯಾಡ್ರಿ."

ರಾಗಿ ಶ್ರುತಿ

ನಡುಮನೆ ಸಾಧನೆಗೆ ಇನ್ನೊಂದು ಕಾಟ ಬಂತು. ಪಕ್ಕದೂರು ಆದಿವಾಲದ ಕಡೆಯಿಂದ ಬೆಳಿಗ್ಗೇನೇ ಬರೋ ಗಿರಾಕಿಗಳಿಗೆ ಪಿಟೀಲು ಕೇಳಿಸ್ತು ಅಂದ್ರೆ ನಾನು ಎದ್ದಿದೀನಿ ಅಂತ ಅರ್ಥ. ಕದ ಬಡಿಯೋರು. "ಹೆಂಗೂ ಎದ್ದು ಸುಮ್ನೆ ಕುಂತಿದೀಯಲ್ಲಕ್ಕ, ಇದೊಂಚೂರು ರಾಗಿ ಬೀಸ್ಕೊಟ್ಬಿಡು!" ಸುಮ್ನೆ ಕುಂತಿದೀನಂತೆ!

ಸರಿ, ಎರಡೂ ಒಟ್ಟಿಗೆ ಆಗ್ಲಿ ಅಂತ ಪಿಟೀಲನ್ನ ಗಿರಣಿಗೇ ತಂದೆ. ಒಂದು ಚೀಲ ಸುರಿದ್ರೆ ಸ್ವಲ್ಪ ಹೊತ್ತು ಪುರುಸೊತ್ತು. ಮೋಟಾರು ಹೂಂ ಅಂತ ಒಂದೇ ಸಮ ಎಳೀತೈತಲ್ಲ, ಬೇರೆ ಶ್ರುತಿ ಯಾಕೆ ಅಂತ ಬಿರಡೆ ತಿರುಗಿಸಿ ತಂತೀನ ಮೋಟಾರಿಗೇ ಕೂಡಿಸಿದೆ. ಏನು ಚೆಂದ ಸೇರ್ಕೊಳ್ತು ಅಂತೀರಿ! ಒಂದೇ ತೊಂದರೆ, ರಾಗಿ ಹಾಕಿದ್ರೆ ಮೋಟಾರಿನ ದನಿ ಒಂದು, ಮೆಕ್ಕೆಜೋಳ ಹಾಕಿದ್ರೆ ತಿಣುಕಿ ತಿಣುಕಿ ಕೆಳಕ್ಕೆ ಇಳಿಯೋದು. ಜೋಳದ ಚೀಲ ಬಂತು ಅಂದ್ರೆ ನಾನೂ ತಂತಿ ಇಳಿಸ್ಕೊಳ್ತಿದ್ದೆ.

ಭಾನುವಾರ ದುರ್ಗಕ್ಕೆ ಹೋಗಿ ಮೇಷ್ಟ್ರ ಮುಂದೆ ಕುಂತೆ. ಅವರು ತಂತಿ ಕೂಡಿಸ್ಕೊಳ್ರಿ ಅಂದ್ರು. ನಾನು ಕಣ್ಣು ಮುಚ್ಚಿ, ವಾರವೆಲ್ಲ ಕೇಳಿದ್ದನ್ನ ನೆನಸ್ಕೊಂಡು, ಜಂಬದಿಂದ ಕೂಡಿಸಿ ಬಾರಿಸಿದೆ. ಅವರ ಶ್ರುತಿ ಪೆಟ್ಟಿಗೆ ಒಂದು ದಾರಿ, ನಂದೊಂದು ದಾರಿ. ಮೇಷ್ಟ್ರು ಎರಡೂ ಕಿವಿ ಮುಚ್ಕೊಂಡ್ರು.

"ನಿಲ್ಲಿಸ್ರಿ ತಾಯಿ! ಇದು ಯಾವ ಶ್ರುತಿ?"

"ರಾಗಿ ಸಾರ್" ಅಂದೆ. "ಈ ವಾರ ಜೋಳ ಬಂದೇ ಇಲ್ಲ."

ತಪ್ಪಿಸ್ಕೊಂಡ ಟಗರು

ಅಲ್ಲಿಂದ ಮೇಷ್ಟ್ರ ಅಪ್ಪಣೆ ಆಯ್ತು. ಗಿರಣೀಲಿ ಪಿಟೀಲು ಮುಟ್ಟಕೂಡದು. ಮೊಬೈಲಲ್ಲಿ ಶ್ರುತಿ ಹಾಕ್ಕೊಂಡು ಬೆಳಿಗ್ಗೆ ತಾರಸಿ ಮೇಲೆ ಸಾಧನೆ. ಜೊತೆಗೆ, "ಬಸ್ಸಲ್ಲಿ ಸುಮ್ನೆ ಕೂರಬ್ಯಾಡ್ರಿ. ಕಣ್ಣು ಮುಚ್ಚಿ ಬೆರಳು ಆಡಿಸ್ರಿ, ಬಾಯಲ್ಲಿ ಸ್ವರ ಹೇಳ್ಕೊಳ್ರಿ" ಅಂದ್ರು.

ಗುರುವಾಕ್ಯ. ಮುಂದಿನ ಭಾನುವಾರ ಬಸ್ಸಲ್ಲಿ ಕಣ್ಣು ಮುಚ್ಕೊಂಡು, ಬಲಗೈ ಮೇಲೆ ಎಡಗೈ ಬೆರಳು ಓಡಿಸ್ತಾ, ತುಟಿ ಅಲ್ಲಾಡಿಸ್ತಾ, ತಾಳಕ್ಕೆ ಸರಿಯಾಗಿ ತೂಗಾಡ್ತಾ ಕುಂತಿದ್ದೆ. ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹಾಕ್ಕೊಂಡ ಕುರಿ ಕಾಯೋ ಅಜ್ಜ ಒಬ್ಬರು ಬಂದು ಕುಂತಿದ್ರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ್ರಂತೆ. ಆಮೇಲೆ ಕೈ ಮುಗಿದು ಮೆತ್ತಗೆ ಕೇಳಿದ್ರಂತೆ. "ತಾಯೀ, ನನ್ನ ಟಗರು ತಪ್ಪಿಸ್ಕೊಂಡೈತೆ. ಯಾವ ಕಡೆ ಹೋಗೈತೆ, ಒಂದು ಮಾತು ಹೇಳವ್ವ."

ನನಗೆಲ್ಲಿ ಕೇಳಿಸ್ತೈತೆ? ಮೇಲಿನ ಸ್ವರಕ್ಕೆ ಹೋಗೋವಾಗ ನನ್ನ ಬೆರಳು ಯಾವಾಗ್ಲೂ ಜಾರೋದು. ಸಿಟ್ಟು ಬಂದು ನನಗೆ ನಾನೇ ಜೋರಾಗಿ ಹೇಳ್ಕೊಂಡೆ. "ಮೇಲಕ್ಕೆ ಹತ್ತಬೇಕು! ಹತ್ತಿ ಅಲ್ಲೇ ನಿಲ್ಲಬೇಕು!"

"ಗುಡ್ಡ!" ಅಂತ ಕೂಗಿದ್ರು ಅಜ್ಜ. ಕಣ್ಣು ಬಿಡೋದ್ರೊಳಗೆ ಬಸ್ಸು ನಿಲ್ಲಿಸಿ ಇಳಿದೇ ಬಿಟ್ಟಿದ್ರು.

ಅದರ ಮುಂದಿನ ಭಾನುವಾರ ಅದೇ ಅಜ್ಜ ತೆಂಗಿನಕಾಯಿ, ಬಾಳೆಹಣ್ಣು ಹಿಡ್ಕೊಂಡು ಬಸ್ಸು ಹತ್ತಿ ನನ್ನ ಕಾಲಿಗೆ ಬಗ್ಗಿದ್ರು. ಟಗರು ಗುಡ್ಡದ ಮೇಲೇ ಇತ್ತಂತೆ, ಆರಾಮಾಗಿ ಮೇಯ್ತಾ. ನನಗೆ ಜೀವ ಹೋದಂಗಾಯ್ತು. "ಅಜ್ಜಾರೆ, ನನ್ನ ಮೈಮೇಲೆ ಯಾವ ದೇವ್ರೂ ಬರಲ್ಲ. ಅದು ಪಿಟೀಲು ಪಾಠ" ಅಂತ ಪೆಟ್ಟಿಗೆ ತೆಗೆದು ತೋರಿಸಿದೆ.

ಅಜ್ಜ ಪಿಟೀಲನ್ನ ಚೆನ್ನಾಗಿ ನೋಡಿದ್ರು. "ಅದೇನಾದ್ರೂ ಇರ್ಲಿ ಬಿಡವ್ವ. ನನ್ನ ತಮ್ಮನ ಎಮ್ಮೆನೂ ಕಾಣ್ತಿಲ್ಲ. ಒಂದು ಚೂರು ಬಾರಿಸ್ಬಿಡು."

ಹೊಳಲ್ಕೆರೆ ಮದುವೆ

ನಾದಿನಿ ಮಗಳ ಮದುವೆ ಹೊಳಲ್ಕೆರೇಲಿ. ಮದುವೆ ಅಂತ ಸಾಧನೆ ತಪ್ಪಿಸೋಕಾಗ್ತದಾ? ಪಿಟೀಲು ಎತ್ಕೊಂಡೇ ಹೊರಟೆ. "ಮದುವೆಗೆ ಹೋಗ್ತಿದೀವೋ, ಕಛೇರಿಗೆ ಹೋಗ್ತಿದೀವೋ?" ಅಂತ ಯಜಮಾನ್ರು ಗೊಣಗಿದ್ರು.

ಬೆಳಿಗ್ಗೆ ಯಾರಿಗೂ ಕೇಳಿಸಬಾರದು ಅಂತ ಛತ್ರದ ಉಗ್ರಾಣ ಸೇರ್ಕೊಂಡು, ಕುಂಬಳಕಾಯಿ ರಾಶಿ ಮಧ್ಯ ಕುಂತು ಸರಿಗಮದ ಸರಳೆ ವರಸೆ ಶುರು ಮಾಡಿದೆ. ಬಾಗಿಲು ತೆಗೀತು. ಹೊಸದುರ್ಗದಿಂದ ಬಂದಿದ್ದ ಗಂಡಿನ ಕಡೆ ಹಿರಿಯರು, ದೊಡ್ಡ ಪೇಟ. "ಛೇ ಛೇ! ಪಿಟೀಲಿನೋರನ್ನ ಕರೆಸಿ ತರಕಾರಿ ಜೊತೆ ಕೂರಿಸವ್ರಲ್ಲ! ಎಂಥಾ ಜನ!" ಅಂತ ನನ್ನನ್ನ ಕರ್ಕೊಂಡೋಗಿ, ಮಂಟಪದ ಪಕ್ಕ ಜಮಖಾನ ಹಾಸಿ ಕೂರಿಸೇ ಬಿಟ್ರು. ಬೀಗರ ಮಾತು, ಇಲ್ಲ ಅಂದ್ರೆ ಹೆಣ್ಣಿನ ಕಡೆಗೆ ಕೆಟ್ಟ ಹೆಸರು. ನಾದಿನಿ ದೂರದಿಂದ್ಲೇ ಬಾರಿಸು, ಬಾರಿಸು ಅಂತ ಕಣ್ಸನ್ನೆ ಮಾಡಿದ್ಲು.

ನನಗೆ ಬರೋದೇ ವರಸೆ. ಹತ್ತಿದ್ದೇ ಹತ್ತಿದ್ದು, ಇಳಿದಿದ್ದೇ ಇಳಿದಿದ್ದು. ಉಪ್ಪಿಟ್ಟು ಕೇಸರಿಬಾತು ಮುಗಿಯೋವರೆಗೂ ಬಿಡದೆ ಬಾರಿಸಿದೆ. ಬೆನ್ನೆಲ್ಲ ಬೆವರು. ಕೊನೆಗೆ ಹಿರಿಯರು ತಾಂಬೂಲ ಹಿಡ್ಕೊಂಡು ಬಂದು, ತೃಪ್ತಿಯಿಂದ ತಲೆದೂಗಿದ್ರು.

"ತಂತಿ ಸರಿ ಮಾಡ್ಕೊಳ್ಳೋದೇ ಇಷ್ಟು ಚೆಂದ ಐತಲ್ಲಮ್ಮ. ಹಾಡು ಯಾವಾಗ ಶುರು ಮಾಡ್ತೀರಿ?"

ಬೀದಿ ವಿಚಾರಣೆ

ಇಷ್ಟೆಲ್ಲ ಆಗಿ, ತಾರಸಿ ಸಾಧನೆ ಗಟ್ಟಿಯಾಗಿ ಕೂತ್ಕೊಳ್ತು. ಮಳೆ ಬಂದ್ರೆ ಮೆಟ್ಲ ಕೆಳಗೆ, ಜ್ವರ ಬಂದ್ರೆ ಕಂಬಳಿ ಹೊದ್ದು, ಒಂದಿನಾನೂ ಬಿಡಲಿಲ್ಲ. ಮನೇಲಿ ವರಸೆ, ಅಲಂಕಾರ, ಗೀತೆ ಎಲ್ಲಾ ನೀರು ಕುಡಿದಂಗೆ ಬರೋದು. ಆದ್ರೆ ಮೇಷ್ಟ್ರ ಮುಂದೆ ಕುಂತ್ರೆ ಕಮಾನು ಹಿಡಿದ ಕೈ ಗಡಗಡ. ಇನ್ನು ದೊಡ್ಡ ಪಾಠ, ವರ್ಣ ಕಲಿಸ್ರಿ ಸಾರ್ ಅಂತ ಕೇಳಿ ಕೇಳಿ ಸಾಕಾಗಿತ್ತು. ಒಂದು ಭಾನುವಾರ ಅವರಿಗೂ ಸಾಕಾಯ್ತು.

"ವರ್ಣ ಅಂತೆ! ನೀವು ಮನೇಲಿ ಪಿಟೀಲು ಮುಟ್ಟೋದೇ ಇಲ್ಲ. ನಾನೇ ಒಂದಿನ ಹೇಳದೆ ಬಂದು ನಿಮ್ಮ ಬೀದಿಯೋರನ್ನ ಕೇಳ್ತೀನಿ. ಅವರು ಇಲ್ಲ ಅಂದ್ರೆ, ಇಲ್ಲಿಗೆ ಮುಗೀತು."

"ಕೇಳ್ರಿ ಸಾರ್!" ಅಂದೆ ಧೈರ್ಯವಾಗಿ. "ಯಾರನ್ನ ಬೇಕಾದ್ರೂ ಕೇಳ್ರಿ." ಬೀದಿಯೆಲ್ಲ ದಿನಾ ಕೇಳಿಸ್ಕೊಳ್ತೈತಲ್ಲ, ನನಗೇನು ಭಯ?

ನನಗೆ ಗೊತ್ತಿಲ್ಲದ್ದು ಒಂದಿತ್ತು. ಬೀದಿ ತುದಿಗೆ ಹೊಸದಾಗಿ ಬಾಡಿಗೆಗೆ ಬಂದೋರು, ಈ ಪಿಟೀಲಿನ ಗಲಾಟೆ ನಿಲ್ಲಿಸದಿದ್ರೆ ನಗರಸಭೆಗೆ ಅರ್ಜಿ ಕೊಡ್ತೀನಿ ಅಂತ ಅದೇ ವಾರ ಕೂಗಾಡಿದ್ರಂತೆ. ನನಗೆ ಬೇಜಾರಾಗ್ತದೆ ಅಂತ ಯಾರೂ ಹೇಳಿರಲಿಲ್ಲ, ಯಜಮಾನ್ರೂ ಹೇಳಿರಲಿಲ್ಲ. ಆದ್ರೆ ಆಫೀಸಿನೋರು ಯಾರಾದ್ರೂ ಬಂದ್ರೆ ಗಿರಣಿಯಕ್ಕನ್ನ ಬಿಟ್ಕೊಡಬಾರದು ಅಂತ ಎಲ್ಲಾ ಮಾತಾಡ್ಕೊಂಡಿದ್ರು.

ಅಂಥ ಹೊತ್ತಲ್ಲಿ ನಮ್ಮ ಮೇಷ್ಟ್ರು ಬಂದ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಲ್ಲಿ ಪೆನ್ನು, ಕಂಕುಳಲ್ಲಿ ಚರ್ಮದ ಬ್ಯಾಗು. ನನ್ನ ಸಾಧನೆ ಮುಗಿದು ಗಿರಣಿ ಶುರುವಾಗಿತ್ತು. ಜಗಲಿ ಮೇಲೆ ಕುಂತಿದ್ದ ಎದುರುಮನೆ ಅಜ್ಜೀನ ಕೇಳಿದ್ರು. "ಇಲ್ಲಿ ದಿನಾ ಪಿಟೀಲು ಬಾರಿಸ್ತಾರಂತಲ್ಲ, ನಿಜವಾ?"

ಅಜ್ಜಿ ಬ್ಯಾಗು ನೋಡಿತು, ಪೆನ್ನು ನೋಡಿತು. "ಪಿಟೀಲಾ? ಹಂಗಂದ್ರೆ ಏನಪ್ಪಾ?"

ಪಕ್ಕದ ಅಂಗಡೀಲಿ ಹಾಸಿಗೆ ಹೊಲಿಯೋ ಚಾಚಾ ಸೂಜಿ ಕೆಳಗಿಟ್ಟು ಎದ್ದು ಬಂದ್ರು. "ನಮ್ಮ ಗಲ್ಲೀಲಿ ಬಾಜಾ ಗೀಜಾ ಏನೂ ಇಲ್ಲ ಸಾಬ್. ಯಾರೋ ನಿಮಗೆ ಸುಳ್ಳು ಹೇಳವ್ರೆ."

ಅಷ್ಟರಲ್ಲಿ ನಮ್ಮ ಯಜಮಾನ್ರು ಓಡಿ ಬಂದ್ರು. ಅವರಿಗೂ ಮೇಷ್ಟ್ರ ಮುಖ ಗೊತ್ತಿಲ್ಲ. "ಗಿರಣಿ ನಮ್ಮದೇ ಸಾರ್. ನಮ್ಮನೆಯೋಳಿಗೆ ಸಂಗೀತ ಅಂದ್ರೇನೇ ಆಗಲ್ಲ. ಮೊಬೈಲಲ್ಲಿ ಹಾಡು ಬಂದ್ರೂ ಆರಿಸ್ತಾಳೆ!"

ಮೇಷ್ಟ್ರು ಕೆಂಡವಾಗಿ ಗಿರಣಿಯೊಳಗೆ ಬಂದ್ರು. "ಕೇಳಿದ್ದಾಯ್ತಮ್ಮ. ನಿಮ್ಮ ಗಂಡನೇ ಸಾಕ್ಷಿ ಹೇಳಿದ್ರು. ಭಾನುವಾರದಿಂದ ಬರಬ್ಯಾಡ್ರಿ."

ಅಯ್ಯೋ ದೇವ್ರೇ! ಮಳೇಲಿ, ಜ್ವರದಲ್ಲಿ ಬಾರಿಸಿದ್ದೆಲ್ಲ ದಂಡವಾಯ್ತಾ? ಸಿಟ್ಟು ಬಂತು. ಮೋಟಾರು ಆರಿಸಿದೆ. ಒಳಗಿಂದ ಪಿಟೀಲು ತಂದು, ಮೇಷ್ಟ್ರನ್ನ ಜೋಳದ ಚೀಲದ ಮೇಲೆ ಕೂರಿಸಿ, ಅಲಂಕಾರ ಹಿಡಿದೆ. ಆ ಸಿಟ್ಟಲ್ಲಿ ಕೈ ನಡುಗೋದನ್ನೇ ಮರೆತಿತ್ತು. ಮೊದಲ ಕಾಲ, ಎರಡನೇ ಕಾಲ, ಮೂರನೇ ಕಾಲ, ಒಂದಕ್ಕಿಂತ ಒಂದು ಜೋರು, ಒಂದು ಸ್ವರಾನೂ ಜಾರಲಿಲ್ಲ. ಮೇಷ್ಟ್ರು ಬಾಯಿ ಬಿಟ್ಕೊಂಡು ಕೇಳ್ತಾ ಕುಂತಿದ್ರು.

ಹೊರಗೆ ಗಾಬರಿ ಎದ್ದಿತ್ತು. ಯಾವುದೋ ಮನೇಲಿ ಮಿಕ್ಸಿ ಹಾಕಿದ್ರು. ಚಾಚಾ ಹಾಸಿಗೇನ ಕೋಲು ತಗೊಂಡು ಬಡಿಯೋಕೆ ಶುರು ಮಾಡಿದ್ರು. ಯಜಮಾನ್ರು ಕಾರಣ ಇಲ್ಲದೆ ಕೆಮ್ಮಿದ್ರು. ಎಷ್ಟು ಮಾಡಿದ್ರೂ ಪಿಟೀಲಿನ ದನಿ ಮುಚ್ಚಲಿಲ್ಲ. ಕೊನೆಗೆ ಅಜ್ಜಿ ಕೋಲೂರ್ಕೊಂಡು ಏದುಸಿರು ಬಿಡ್ತಾ ಬಾಗಿಲಿಗೆ ಬಂತು.

"ಸಾಯೇಬ್ರೆ, ಅದು ಟೀವಿ! ನಂಬ್ರಿ, ಟೀವೀಲಿ ಬರ್ತಿರೋದು! ನಮ್ಮ ಗಿರಣಿಯಕ್ಕ ಇಷ್ಟು ಚೆಂದ ಎಲ್ಲಿ ಬಾರಿಸ್ತಾಳೆ? ದಿನಾ ಬೆಳಿಗ್ಗೆ ಒಂದು ಗಂಟೆ ಕೇಳ್ತೀನಿ, ನನಗೆ ಗೊತ್ತಿಲ್ವಾ!"

ಮೇಷ್ಟ್ರು ಅಜ್ಜೀನ ನೋಡಿದ್ರು, ನನ್ನ ನೋಡಿದ್ರು. ಚೀಲದ ಮೇಲೇ ಬಿದ್ದು ಬಿದ್ದು ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅವತ್ತೇ ಮೊದಲು. ನಗು ನಿಲ್ಲಿಸಿ, ಕಣ್ಣು ಒರೆಸ್ಕೊಂಡು, "ಬರೋ ಭಾನುವಾರ ವರ್ಣ ಶುರು ಮಾಡಾಣ ಕಣಮ್ಮ" ಅಂದ್ರು.

ನನಗೆ ತಡೆಯೋಕಾಗಲಿಲ್ಲ. ಪಿಟೀಲು ತಬ್ಕೊಂಡು ಗೊಳೋ ಅಂತ ಅತ್ತುಬಿಟ್ಟೆ, ಮುಖದ ಮೇಲಿದ್ದ ಹಿಟ್ಟೆಲ್ಲ ಕಣ್ಣೀರಿಗೆ ಕಲಸ್ಕೊಳ್ತು. ಅಜ್ಜಿಗೆ ಅದನ್ನ ನೋಡೋಕಾಗಲಿಲ್ಲ. ಕೋಲು ಬಿಸಾಕಿ, ಮೇಷ್ಟ್ರ ಎರಡೂ ಕೈ ಹಿಡ್ಕೊಂಡಿತು.

"ಇದೊಂದು ಸಲ ಬಿಟ್ಬಿಡ್ರಿ ಸಾಯೇಬ್ರೆ. ಇನ್ಮೇಲೆ ಅವಳು ಜನ್ಮದಲ್ಲಿ ಪಿಟೀಲು ಮುಟ್ಟಲ್ಲ. ಬೇಕಾದ್ರೆ ನಾನು ಹೆಬ್ಬೆಟ್ಟು ಒತ್ತಿಕೊಡ್ತೀನಿ!"