ನೆಲಕ್ಕೆ ಭಾರವಾಗದ ವೈನರಿ

ನೆಲಕ್ಕೆ ಭಾರವಾಗದಂಥ ಕಟ್ಟಡದ ನಕ್ಷೆ ಬರೆಯಬಲ್ಲವನು ಕೊಳ್ಳೇಗಾಲದಲ್ಲಿ ಒಬ್ಬನಿದ್ದರೆ ಅದು ನಾನೇ ಎಂದು ನಂಬಿದ್ದೆ. ಹಾಗೆ ನಂಬಿದ್ದವನೂ ನಾನೊಬ್ಬನೇ!

ಹತ್ತಿರದ ಅಗರ ಗ್ರಾಮದಲ್ಲಿ ನನ್ನ ಭಾಮೈದ ಮಾದೇವ ದ್ರಾಕ್ಷಿ ಬೆಳೆದಿದ್ದಾನೆ. ತೋಟದಲ್ಲೇ ವೈನ್ ತಯಾರಿಸುವ ಆಸೆ ಅವನದು. "ಭಾವ, ಬಂದೋರು ಬೆರಗಾಗಂಗೆ ಒಂದು ಬಿಲ್ಡಿಂಗ್ ಬರ್ಕೊಡಿ" ಎಂದ.

ನನ್ನ ಹೆಂಡತಿ ಗೌರಿ ತಕ್ಷಣ ಎಚ್ಚರಿಸಿದಳು. "ಅಪ್ಪಂಗೆ ಕೊಟ್ಟಿಗೆ ಬರ್ಕೊಟ್ಟಿದ್ದು ಮರ್ತೋಯ್ತಾ?"

ಮರೆಯುವುದು ಹೇಗೆ! ಆ ಕೊಟ್ಟಿಗೆಯ ಬಾಗಿಲು ಎಷ್ಟು ತಗ್ಗೆಂದರೆ ಹಸುಗಳ ಕೋಡು ತಗುಲುತ್ತಿತ್ತು. ಊರೆಲ್ಲ ನಗುತ್ತಿದ್ದಾಗ ಮಾವನವರು ಮಾತ್ರ, "ಅಸ ಬಗ್ತವೆ ಬುಡಿ ಅಳಿಯಂದ್ರೆ" ಎಂದು ನನ್ನ ಮಾನ ಉಳಿಸಿದ್ದರು. ನನ್ನ ಕೆಲಸವನ್ನು ಮೆಚ್ಚಿದ ಏಕೈಕ ಗಿರಾಕಿ. ಈಗ ಅವರಿಲ್ಲ. ನಮ್ಮ ಪದ್ಧತಿಯಂತೆ ಅವರನ್ನು ಅದೇ ತೋಟದ ಮೂಲೆಯಲ್ಲಿ ಮಣ್ಣು ಮಾಡಿದ್ದೇವೆ. ಪ್ರತಿ ಸೋಮವಾರ ಅತ್ತೆ ಹೋಗಿ, ಸಮಾಧಿಗೆ ವಿಭೂತಿ ಹಚ್ಚಿ, ಹೂವಿಟ್ಟು, ಪಕ್ಕದಲ್ಲಿ ಕೂತು ಮನೆಯ ಸುದ್ದಿಯೆಲ್ಲ ಹೇಳಿ ಬರುತ್ತಾರೆ.

ಬಳ್ಳಿಯಿಲ್ಲದೆ ಖಾಲಿಯಿದ್ದದ್ದು ಆ ಮೂಲೆಯೊಂದೇ. ಮೊದಲ ನಕ್ಷೆಯಲ್ಲಿ ಪೀಪಾಯಿಗಳಿಗೆಂದು ನೆಲಮಾಳಿಗೆ ಇಟ್ಟೆ. ಅಗೆದಿದ್ದರೆ ನೇರ ಮಾವನವರ ಪಕ್ಕಕ್ಕೇ ಹೋಗುತ್ತಿದ್ದೆವು! ಹರಿದು ಹಾಕಿದೆ. ಎರಡನೆಯದರಲ್ಲಿ ಕಟ್ಟಡವನ್ನೇ ಗಿಡ್ಡ ಕಂಬಗಳ ಮೇಲೆ ಎತ್ತಿಬಿಟ್ಟೆ. ಕೆಳಗೆ ಗಾಳಿ ಆಡುತ್ತದೆ, ಮಳೆನೀರು ಹರಿಯುತ್ತದೆ, ಸಮಾಧಿಯೂ ಇದ್ದಲ್ಲೇ ಇರುತ್ತದೆ.

"ಅಪ್ಪ ಜಲ್ಮದಲ್ಲಿ ಎಂಡ ಮುಟ್ನಿಲ್ಲ. ಅವ್ರ ತಲೆ ಮ್ಯಾಲೆ ಪೀಪಾಯಿ ಮಡಗ್ತೀರಾ?" ಎಂದಳು ಗೌರಿ.

"ಎಂಡ ಅಲ್ಲ ಕಣೇ, ವೈನು" ಎಂದು ತಜ್ಞನ ಗಾಂಭೀರ್ಯದಿಂದ ತಿದ್ದಿದೆ. ಅಂದು ನನಗೆ ಊಟ ಬಡಿಸಿದವರಿಲ್ಲ.

ಸೋಮವಾರವೇ ತೋಟದಲ್ಲಿ ಗೂಟ ನೆಡಿಸಿ, ಕಟ್ಟಡದ ನೆಲ ಬರುವ ಮಟ್ಟಕ್ಕೆ ಸುತ್ತಲೂ ದಾರ ಕಟ್ಟಿಸಿದೆ. ದಾರ ನನ್ನ ಸೊಂಟದೆತ್ತರಕ್ಕಿತ್ತು. ಅಷ್ಟರಲ್ಲಿ ಅತ್ತೆ ತುಂಬೆ ಹೂ ಹಿಡಿದು ಬಂದರು.

"ಮಾವನೋರ್ನ ಒಂಚೂರೂ ಅಲ್ಲಾಡ್ಸಿಲ್ಲ ಅತ್ತೆ! ಬಿಲ್ಡಿಂಗ್ ಮ್ಯಾಲಿರ್ತದೆ, ಅವ್ರು ಕೆಳಗಿರ್ತಾರೆ" ಎಂದು ಉತ್ಸಾಹದಿಂದ ವಿವರಿಸಿದೆ.

ಅತ್ತೆ ದಾರದಡಿ ನುಸುಳಲು ಬಗ್ಗಿದರು. ಮಂಡಿ ಹಿಡಿದುಕೊಂಡು ನಿಂತರು. ಮತ್ತೆ ಬಗ್ಗಿದರು. ಆಗಲಿಲ್ಲ. ದಾರದ ಹೊರಗೇ ಕೂತು, ಹೂವನ್ನು ಮಡಿಲಲ್ಲಿಟ್ಟುಕೊಂಡರು.

"ಅಸ ಆಗಿದ್ರೆ ಬಗ್ತಿದ್ವು ಅಳಿಯಂದ್ರೆ. ನಂಗೆ ಆಗಾಕಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ದಾರ ಬಿಚ್ಚುವ ಆತುರದಲ್ಲಿ ಅದನ್ನೇ ಕಾಲಿಗೆ ಸುತ್ತಿಕೊಂಡು ದೊಪ್ಪನೆ ಬಿದ್ದೆ! ಮಾವನವರಿದ್ದಿದ್ದರೆ ಇದಕ್ಕೂ ಏನಾದರೊಂದು ಹೇಳಿ ನನ್ನ ಮಾನ ಉಳಿಸುತ್ತಿದ್ದರು. ಮಾದೇವ ಗೂಟಗಳನ್ನು ಕಿತ್ತ. ಅತ್ತೆ ಸಮಾಧಿಗೆ ಹೂವಿಟ್ಟು, ಪಕ್ಕದಲ್ಲಿ ಕೂತು, ಮಾವನವರಿಗೆ ಆ ವಾರದ ಸುದ್ದಿ ಹೇಳತೊಡಗಿದರು. ಮೊದಲ ಸುದ್ದಿ ನನ್ನದೇ.

ವೈನರಿ ಇವತ್ತಿಗೂ ಎದ್ದಿಲ್ಲ. ನೆಲಕ್ಕೆ ಒಂದಿಷ್ಟೂ ಭಾರವಾಗಿಲ್ಲ. ಅಷ್ಟರಮಟ್ಟಿಗೆ ನನ್ನ ನಕ್ಷೆ ಗೆದ್ದಿದೆ!