ಫ್ರೇಮಿನೊಳಗೆ ನಾಲ್ಕನೆಯವನು

ಡಿಸೆಂಬರ್ ಏಳು, ಭಾನುವಾರ. ಬೆಳಿಗ್ಗೆ ಮಂಜು, ಹನ್ನೊಂದರ ಹೊತ್ತಿಗೆ ಹದವಾದ ಬಿಸಿಲು. ಕೆಂಗೇರಿಯಿಂದ ಬಂದ ನನ್ನ ತಂಗಿ ಸ್ಟುಡಿಯೋ ಒಳಗೆ ಬರದೆ ಹೊರಗೆ ಶೋಕೇಸಿನ ಮುಂದೆಯೇ ನಿಂತುಬಿಟ್ಟಳು. ಅಲ್ಲಿ ಹೊಸದಾಗಿ ಹಾಕಿದ್ದ ಒಂದು ಕುಟುಂಬದ ಫೋಟೋ: ಅಪ್ಪ, ಅಮ್ಮ, ಮಗಳು, ಪಕ್ಕದಲ್ಲಿ ನಾನು.

“ಅಣ್ಣ, ಯಾರಿವರು? ಇವರ ಜೊತೆ ನೀನ್ಯಾಕೆ ನಿಂತಿದೀಯ?”

ವಿಜಯನಗರದಲ್ಲಿ ಸ್ಟುಡಿಯೋ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ ಅಂದೆ. ಹಿಂದಿನ ವಾರ ಒಬ್ಬರು ತಮ್ಮ ಆಧಾರ್ ಕಾರ್ಡು ನನ್ನ ಮುಂದಿಟ್ಟು, “ಇದರಲ್ಲಿರೋದು ನಾನೇ ಅಂತ ಎಲ್ಲೂ ಒಪ್ತಾ ಇಲ್ಲ ಸಾರ್. ಫೋಟೋ ವಿಷಯ ತಿಳಿದೋರು ನೀವು, ನೋಡಿ ಹೇಳಿ” ಅಂದಿದ್ದರು. ಕಾರ್ಡು ನೋಡಿದೆ, ಅವರನ್ನು ನೋಡಿದೆ. ನನಗೂ ಅನುಮಾನವಾಯಿತು.

“ಆ ಕಥೆ ಬೇಡ, ಈ ಫೋಟೋದು ಹೇಳು” ಎಂದು ತಂಗಿ ಸ್ಟೂಲು ಎಳೆದುಕೊಂಡು ಕೂತಳು. ಹೇಳಿದೆ.

ಮೂವರು ನಿಲ್ಲಬಾರದು

ಶ್ರಾವಣದ ಒಂದು ಭಾನುವಾರ ಈ ಮೂವರು ಬಂದರು. ಮಗಳಿಗೊಂದು ಸಂಬಂಧ ಬಂದಿತ್ತು. ಹುಡುಗನ ಅಜ್ಜಿ ದಾವಣಗೆರೆ ಕಡೆಯವರು, ಈಗ ಬಸವೇಶ್ವರನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಹುಡುಗಿಯೊಬ್ಬಳದೇ ಫೋಟೋ ಬೇಡ, ಮನೆಮಂದಿಯ ಜೊತೆ ತೆಗೆಸಿ ಕಳಿಸಿ, ಅದೂ ಕಾಗದದ ಮೇಲೆ ಎಂದು ಅವರ ಅಪ್ಪಣೆ. ಹಿಂದೆ ಎರಡು ಸಂಬಂಧ ಕೈತಪ್ಪಿದ್ದವು. ಈ ಹುಡುಗನನ್ನು ಹುಡುಗಿ ಮೆಚ್ಚಿದ್ದಳು. ಹಾಗಾಗಿ ಮೂವರೂ ಪರೀಕ್ಷೆಗೆ ಬಂದವರ ಹಾಗಿದ್ದರು.

ಲೈಟು ಸರಿಮಾಡಿ, ನಿಲ್ಲಿಸಿ, ಇನ್ನೇನು ಕ್ಲಿಕ್ ಮಾಡಬೇಕು, ಹುಡುಗಿಯ ತಾಯಿ ಕೈ ಅಡ್ಡ ತಂದರು. “ಸಾರ್, ನಿಲ್ಲಿ. ನಾವು ಮೂರೇ ಜನ.”

“ಹೌದು.”

“ಮೂರು ಜನ ಫೋಟೋ ತೆಗೆಸ್ಕೋಬಾರದು. ಒಳ್ಳೇದಲ್ಲ.”

ಗಣಪತಿ ಮೂರ್ತಿ ಹಿಡಿದುಕೊಳ್ಳಿ ಅಂದೆ. ದೇವರನ್ನು ತಲೆ ಲೆಕ್ಕಕ್ಕೆ ಸೇರಿಸಬಾರದಂತೆ. ಗತಿಸಿದ ಅತ್ತೆಯವರ ಫೋಟೋ ಮನೆಯಿಂದ ತರೋಣವೇ ಎಂದು ಗಂಡ ಕೇಳಿದರು. “ಇದ್ದಾಗ್ಲೇ ಅವರು ನನ್ನ ಪಕ್ಕ ನಿಲ್ತಿರಲಿಲ್ಲ” ಅಂದರು ಆಕೆ. ರಸ್ತೆಯಲ್ಲಿ ಹೋಗುವವರನ್ನು ಯಾರನ್ನಾದರೂ ಕರೆಯೋಣವೆಂದರೆ, ಗುರುತಿಲ್ಲದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಹೇಗೆ?

“ನೀವೇ ಬನ್ನಿ ಸಾರ್. ಇವಳ ಎಸ್ಸೆಸ್ಸೆಲ್ಸಿ ಫೋಟೋ ತೆಗೆದಿದ್ದು ನೀವೇ ಅಲ್ವಾ. ಆಮೇಲೆ ಕಂಪ್ಯೂಟರಲ್ಲಿ ನಿಮ್ಮನ್ನ ಅಳಿಸಿದ್ರಾಯ್ತು” ಅಂದರು ಗಂಡ.

ಸ್ಟುಡಿಯೋದಲ್ಲಿ ಬೇರೆ ಯಾರೂ ಇರಲಿಲ್ಲ. ಟೈಮರ್ ಹಾಕಿ ಓಡಿಹೋಗಿ ನಿಂತೆ. ಮೊದಲ ಫೋಟೋದಲ್ಲಿ ಅವರ ಮೂವರ ಮುಖದ ಮೇಲೂ ನನ್ನ ಬೆನ್ನಿದೆ.

ಅಳಿಸಿದ್ದು, ಕೂಡಿಸಿದ್ದು

ಕಂಪ್ಯೂಟರ್ ಕೆಲಸ ನನ್ನ ಹೆಂಡತಿಯದು. ಮಾರನೇ ದಿನ ಅವಳು ನನ್ನನ್ನು ನೀಟಾಗಿ ಅಳಿಸಿ ಪ್ರಿಂಟ್ ಹಾಕಿದಳು. ಸಂಜೆ ಹುಡುಗಿಯ ತಾಯಿ ಬಂದು ನೋಡಿ, ಬೆರಳಿಟ್ಟು ಎಣಿಸಿದರು.

“ಮತ್ತೆ ಮೂರೇ ಆಯ್ತಲ್ಲ ಸಾರ್.”

“ತೆಗೆಯುವಾಗ ನಾಲ್ವರಿದ್ದೆವಲ್ಲಮ್ಮ.”

“ಅದು ನಮಗೆ ಗೊತ್ತು. ಫೋಟೋ ನೋಡೋರಿಗೆ?” ಸ್ವಲ್ಪ ಯೋಚಿಸಿ ದನಿ ತಗ್ಗಿಸಿದರು. “ಅಲ್ದೆ, ಬದುಕಿರೋರನ್ನ ಹೀಗೆ ಅಳಿಸ್ತಾರಾ? ನಾಳೆ ನಿಮಗೇನಾದ್ರೂ ಆದ್ರೆ?”

ಅಲ್ಲಿಯವರೆಗೂ ನನಗೆ ಹಾಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಹೆಂಡತಿಯ ಕಡೆ ನೋಡಿದೆ. ಅವಳು ನನ್ನನ್ನು ಫೋಟೋಗೆ ವಾಪಸ್ ತಂದಳು. ಪರದೆ ನೋಡಿ, “ನಮ್ಮ ಮದುವೆ ಫೋಟೋದಲ್ಲೂ ನೀವು ಇಷ್ಟು ಖುಷಿಯಾಗಿ ನಿಂತಿಲ್ಲ” ಅಂದಳು.

ಆ ಒಂದು ಪ್ರಶ್ನೆ

ಹದಿನೈದು ದಿನ ಬಿಟ್ಟು ಗಂಡ ಹೆಂಡತಿ ಇಬ್ಬರೂ ಬಂದರು. ಮುಖ ಬಾಡಿತ್ತು. ಸಂಬಂಧ ತಪ್ಪಿತೇ ಎಂದು ಕೇಳಿದೆ.

“ಇಲ್ಲ ಸಾರ್, ಅಜ್ಜಿ ಒಪ್ಪಿದಾರೆ. ನಿಮ್ಮಿಂದಾನೇ ಒಪ್ಪಿದ್ದು” ಅಂದರು ಆಕೆ. “ಇವರ್ಯಾರು ಅಂತ ಫೋನಲ್ಲಿ ಕೇಳಿದ್ರು. ನಮ್ಮಣ್ಣ ಅಂದುಬಿಟ್ಟೆ. ಸೋದರಮಾವ ಇರೋ ಹುಡುಗಿ, ತವರಿನ ಬಲ ಐತೆ, ಮುಂದುವರಿಸಿ ಅಂದ್ರಂತೆ. ನನಗೆ ಅಣ್ಣ ತಮ್ಮ ಯಾರೂ ಇಲ್ಲ ಸಾರ್.”

“ಫೋಟೋಗ್ರಾಫರ್ ಅಂತ ಹೇಳಬಹುದಿತ್ತಲ್ಲಮ್ಮ.”

“ಹೇಳೋಕೇ ಹೊರಟಿದ್ದೆ. ಫೋಟೋಗ್ರಾಫರ್ ಫೋಟೋ ಒಳಗ್ಯಾಕಿದಾನೆ ಅಂತ ಕೇಳಿದ್ರೆ?”

ಬರುವ ಭಾನುವಾರ ಅವರು ಹೆಣ್ಣು ನೋಡಲು ಬರುತ್ತಾರೆ, ನೀವು ಬಂದು ಕೂತರೆ ಸಾಕು ಅಂದರು ಗಂಡ. “ಏನೂ ಮಾತಾಡಬೇಡಿ ಸಾರ್.” ನನ್ನಿಂದ ಆಗಬಹುದಾದದ್ದು ಅದೊಂದೇ ಅಂತ ಅವರಿಗೆ ಹೇಗೆ ತಿಳಿಯಿತೋ.

ಉಪ್ಪಿಟ್ಟು, ಕೇಸರಿಬಾತು

ಹೋದೆ. ಅಜ್ಜಿ ನೇರ ನನ್ನ ಎದುರೇ ಕೂತರು.

“ನಿಮ್ದು ಯಾವ ಊರ್ರೀ?”

“ಮೈಸೂರು” ಅಂದೆ. ಅದು ನಿಜ. ಅದೇ ಹೊತ್ತಿಗೆ ಆಚೆಯಿಂದ ಹುಡುಗಿಯ ತಂದೆ, “ಮಾಗಡಿ ಕಡೆ” ಅಂದರು.

ಅಜ್ಜಿ ಇಬ್ಬರನ್ನೂ ನೋಡಿದರು. ಹುಡುಗಿಯ ತಾಯಿ ಕೇಸರಿಬಾತು ಬಡಿಸುತ್ತಲೇ, “ನಮ್ಮಣ್ಣ ಚಿಕ್ಕವನಿದ್ದಾಗ ಮೈಸೂರಿಗೆ ದತ್ತು ಹೋದ” ಅಂದರು. ಐವತ್ತೆರಡನೇ ವಯಸ್ಸಿನಲ್ಲಿ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗ, ನನ್ನನ್ನು ದತ್ತು ಕೊಟ್ಟಾಗಿತ್ತು.

ಹುಡುಗಿ ಕಾಫಿ ತಂದಳು. “ಸಾರ್, ಸಕ್ಕರೆ ಸಾಕಾ?”

“ಮಾವನ್ನ ಸಾರ್ ಅಂತೀಯೇನವ್ವ?” ಅಂದರು ಅಜ್ಜಿ.

“ಅವನು ತುಂಬಾ ಶಿಸ್ತು. ನಾನೂ ಒಂದೊಂದ್ಸಲ ಸಾರ್ ಅಂದುಬಿಡ್ತೀನಿ” ಅಂದರು ತಾಯಿ.

“ನಿಮ್ಮ ತಂಗಿ ಸ್ವಭಾವ ಹೆಂಗ್ರೀ?” ಅಂತ ಅಜ್ಜಿ ನನ್ನನ್ನೇ ಕೇಳಿದರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಎಣಿಕೆಯಲ್ಲಿ ಬಹಳ ಗಟ್ಟಿ” ಅಂದೆ. ಸಂಸಾರಕ್ಕೆ ಅದೇ ಬೇಕಾದ್ದು ಎಂದು ಎಲ್ಲರೂ ತಲೆದೂಗಿದರು.

ಆಚೆ ಕಿಟಕಿಯ ಹತ್ತಿರ ಹುಡುಗ ಹುಡುಗಿ ಏನೋ ಮಾತಾಡುತ್ತಿದ್ದರು. ಇಬ್ಬರ ಮುಖದ ಮೇಲೂ ಒಳ್ಳೆಯ ಬೆಳಕಿತ್ತು. ಕೆಡಿಸಬಾರದು ಅನ್ನಿಸಿ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡೆ.

ಅಜ್ಜಿಯ ಪಾಸ್‌ಪೋರ್ಟ್ ಸೈಜು

ನಿಶ್ಚಿತಾರ್ಥಕ್ಕೆ ವಾರವಿದೆ ಅನ್ನುವಾಗ ಆ ಅಜ್ಜಿಯೇ ಕೋಲೂರಿಕೊಂಡು ನನ್ನ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದರು. ಆಟೋ ಹೊರಗೆ ಕಾಯುತ್ತಿತ್ತು. ನನ್ನ ಕೈಯಲ್ಲಿ ಕ್ಯಾಮೆರಾ, ಕೊರಳಲ್ಲಿ ಅದರ ಪಟ್ಟಿ. ಬಚ್ಚಿಟ್ಟುಕೊಳ್ಳಲು ಏನೂ ಉಳಿದಿರಲಿಲ್ಲ.

“ಪಿಂಚಣಿಗೆ ಪಾಸ್‌ಪೋರ್ಟ್ ಸೈಜು ಬೇಕ್ರಿ” ಅಂತ ಸೀದಾ ಹೋಗಿ ಕುರ್ಚಿಯಲ್ಲಿ ಕೂತರು.

ತೆಗೆದೆ. ತೆಗೆದು, ಎಲ್ಲವನ್ನೂ ಒಪ್ಪಿಕೊಂಡೆ. ಮೂವರು ನಿಲ್ಲಬಾರದೆಂದು ನಿಂತೆ, ನಾನು ಅಣ್ಣನಲ್ಲ, ಹುಡುಗಿಯ ತಪ್ಪೇನೂ ಇಲ್ಲ, ಸಂಬಂಧ ಬಿಡಬೇಡಿ ಅಂದೆ. ನನ್ನ ಮಟ್ಟಿಗೆ ಅದು ದೊಡ್ಡ ಭಾಷಣ.

“ನನಗೆ ಅವತ್ತೇ ಗೊತ್ತಾತು” ಅಂದರು ಅಜ್ಜಿ. “ಯಾವ ಅಣ್ಣ ತಂಗಿ ಮನೇಲಿ ಉಪ್ಪಿಟ್ಟು ಅಷ್ಟು ಮರ್ಯಾದೆಯಿಂದ ತಿಂತಾನ್ರೀ? ಯಾರಿವನು ಅಂತ ವಿಚಾರಿಸಿದೆ, ಈ ಅಂಗಡಿ ತೋರಿಸಿದ್ರು.”

“ಮತ್ತೆ ಮದುವೆ?”

“ಮದುವೆಗೇನಾಗೇತಿ? ಹುಡುಗ ಹುಡುಗಿ ಒಪ್ಯಾರ. ಸ್ವಂತ ಸೋದರಮಾವಂದಿರನ್ನ ಕಾಲು ಹಿಡಿದು ಕರಕೊಂಡು ಬರಬೇಕು ಈ ಕಾಲದಾಗ. ನೀವು ಸುಮ್ನೆ ಕರೆದ್ರೆ ಬಂದು ಕುಂತ್ರಿ.” ಕೋಲು ಊರಿ ಎದ್ದರು. “ಆದ್ರೆ ಒಂದು ಮಾತು. ನೆಂಟರಿಗೆಲ್ಲ ಫೋಟೋ ತೋರ್ಸಿ ಸೋದರಮಾವ ಅಂದೀನಿ. ಈಗ ನೀವು ಹಿಂದೆ ಸರಿಯಂಗಿಲ್ಲ. ಸೋದರಮಾವನ ಶಾಸ್ತ್ರ ಏನೇನೈತೋ ಎಲ್ಲಾ ಆಗಬೇಕು.”

ಹೋದ ತಿಂಗಳು ಮದುವೆ ಆಯಿತು. ಆ ಮದುವೆಯ ಫೋಟೋ ತೆಗೆಯಲು ಲಗ್ಗೆರೆಯಿಂದ ಬೇರೊಬ್ಬನನ್ನು ಕರೆಸಿದ್ದರು, ಯಾಕೆಂದರೆ ನಾನು ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರುವುದರಲ್ಲಿದ್ದೆ.

ತಂಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೆರಗಿನಲ್ಲಿ ಒರೆಸಿಕೊಂಡು, “ಸರಿ, ಕೊನೆಗೆ ಆ ಫೋಟೋಗೆ ಎಷ್ಟು ಕೊಟ್ರು?” ಅಂದಳು.

“ಏನೂ ಇಲ್ಲ. ತಂಗಿ ಹತ್ರ ದುಡ್ಡು ತಗೋತೀಯಾಣ್ಣ ಅಂತ ಕೇಳಿದ್ರು. ಕೊಟ್ಟಿದ್ದು ನಾನೇ.”

“ನೀನೇನು ಕೊಟ್ಟೆ?”

“ಒಂದು ರೇಷ್ಮೆ ಸೀರೆ. ಬೆಳ್ಳಿ ಕಾಲುಂಗುರ. ಸೋದರಮಾವ ಅಂದ ಮೇಲೆ...”

ತಂಗಿಯ ನಗು ನಿಂತಿತು.

“ನನ್ನ ಮಗಳ ಮದುವೇಲಿ” ಅಂದಳು, “ನೀನು ಒಂದು ಆಲ್ಬಂ ಮಾಡಿಕೊಟ್ಟು, ಇದೇ ಮುಯ್ಯಿ ಅಂದಿದ್ದೆ.”